ಓದಿ ಹೇಳಿ ಬಾ ಎನ್ನುತ್ತಿದ್ದ ಅಕ್ಕೋರು

ಸುದ್ದಿ ಬಂದದ್ದು ವಾಟ್ಸಾಪಿನಲ್ಲಿ. ನಮ್ಮ ಹೈಸ್ಕೂಲಿನಲ್ಲಿ ಕೆಲಸ ಮಾಡಿದ ಹಳಬರು ಹೊಸಬರೆಲ್ಲ ಇರುವ ಗುಂಪು ಅದು. ಬೆಳಿಗ್ಗೆ ಯಾರೋ ಅಕ್ಕೋರ ಫೋಟೋ ಹಾಕಿ, ಕೊಪ್ಪಳದ ಮನೆಯಲ್ಲಿ ತೀರಿಕೊಂಡರು ಎಂದು ಬರೆದಿದ್ದರು. ಅದರ ಕೆಳಗೆ ಶುರುವಾಯಿತು ನೋಡಿ, ಸಂತಾಪದ ಸರಮಾಲೆ. "ಅವರ ಆತ್ಮಕ್ಕೆ ಚಿರಶಾಂತಿ ಸಿಗಲಿ, ಕುಟುಂಬದವರಿಗೆ ದುಃಖ ಭರಿಸುವ ಶಕ್ತಿಯನ್ನು ಭಗವಂತ ಕರುಣಿಸಲಿ." ಒಬ್ಬರು ಹಾಕಿದ್ದನ್ನೇ ಇನ್ನೊಬ್ಬರು ಎತ್ತಿ ಹಾಕಿದರು, ಅವರದನ್ನು ಮತ್ತೊಬ್ಬರು. ಒಬ್ಬ ಮಹಾನುಭಾವರಂತೂ ಇನ್ಯಾರದೋ ಸಾವಿಗೆ ಬರೆದದ್ದನ್ನು ಎತ್ತಿ ತಂದು, ಹೆಸರು ಬದಲಿಸುವುದನ್ನೂ ಮರೆತಿದ್ದರು. ನನಗೆ ಅಳು ಬರುವ ಮೊದಲು ಸಿಟ್ಟು ಬಂತು. ಅಕ್ಕೋರ ಕೈಗೆ ಈ ಫೋನು ಕೊಟ್ಟಿದ್ದರೆ ಪ್ರತಿಯೊಂದರ ಪಕ್ಕದಲ್ಲೂ ಕೆಂಪು ಮಸಿಯಿಂದ ಒಂದೇ ಮಾತು ಬರೆಯುತ್ತಿದ್ದರು: "ಮುಂದ?"

ಅವರು ಕನ್ನಡ ಕಲಿಸುತ್ತಿದ್ದರು, ನಾನು ಗಣಿತದ ಮೇಡಮ್. ಗಂಗಾವತಿಯಿಂದ ಕನಕಗಿರಿ ಕಡೆ ಹೋಗುವ ಬಸ್ಸಿನಲ್ಲಿ ಎಷ್ಟೋ ವರ್ಷ ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ದಾರಿಯ ಮೇಲಿನ ಒಂದು ಹಳ್ಳಿಯಲ್ಲಿ ಇಳಿಯುತ್ತಿದ್ದೆವು. ಅಲ್ಲಿತ್ತು ನಮ್ಮ ಸರಕಾರಿ ಹೈಸ್ಕೂಲು. ಕಿಟಕಿ ಅವರದು, ಯಾಕೆಂದರೆ ಹೇಮಗುಡ್ಡ ಕಾಣುವ ತನಕ ಅವರಿಗೆ ಮಾತು ಹೊರಡುತ್ತಿರಲಿಲ್ಲ. ಗುಡ್ಡ ಕಂಡ ಮೇಲೆ ಶುರುವಾದರೆ ಶಾಲೆಯ ಗಂಟೆಯೇ ನಿಲ್ಲಿಸಬೇಕು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಹುಡುಗರಿಗೆ ಕನ್ನಡ ಮೇಡಮ್, ಊರಿಗೆಲ್ಲ ಅಕ್ಕೋರು.

ಕೊಪ್ಪಳದ ಒಬ್ಬ ಟೇಲರ್ ಮಗಳು ಅವರು. ಮನೆಯಲ್ಲಿ ಆಡುವುದು ಉರ್ದು, ಅದೂ ನಮ್ಮ ಕಡೆಯ ಉರ್ದು. ಒಮ್ಮೆ ಯಾವುದೋ ಕಾರ್ಯಕ್ರಮಕ್ಕೆ ಬಂದ ಅತಿಥಿಯೊಬ್ಬರು ಇವರ ಭಾಷಣ ಕೇಳಿ, "ಮೇಡಮ್, ನಿಮ್ಮ ಕನ್ನಡ ಭಾಳ ಛಲೋ ಐತ್ರಿ" ಎಂದು ಮೆಚ್ಚಿಕೊಂಡರು. ಜೀವಮಾನವಿಡೀ ಕನ್ನಡ ಕಲಿಸಿದವರಿಗೆ ಹೇಳುವ ಮಾತೇ ಇದು? ನಾನು ಪಕ್ಕದಲ್ಲಿ ಕುದಿಯುತ್ತಿದ್ದೆ. ಅಕ್ಕೋರು ಮಾತ್ರ ತಣ್ಣಗೆ, "ನಿಮ್ಮದೂ ಛಲೋನ ಐತ್ರಿ ಸರ" ಎಂದು ನಕ್ಕು, ಚಹಾದ ಕಪ್ಪನ್ನು ಅವರ ಕೈಗೆ ಕೊಟ್ಟರು. ಅತಿಥಿಗಳಿಗೆ ಅದು ಅರ್ಥವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಅಕ್ಕೋರದು ಸ್ವಲ್ಪ ಒಡಕು ದನಿ. ನೂಲಿನ ಸೀರೆ, ಹೆಗಲಿಗೊಂದು ದೊಡ್ಡ ಚೀಲ. ಮಸೀದಿಯ ಬಾಂಗ್ ಕೇಳಿಸಿದರೆ ಸೆರಗು ತಾನೇ ತಲೆಯ ಮೇಲೆ ಬರುತ್ತಿತ್ತು, ಪಾಠ ನಿಲ್ಲುತ್ತಿರಲಿಲ್ಲ. ಯಾರಾದರೂ ಮಾತಾಡುತ್ತಿದ್ದರೆ ಅವರು ತಲೆಯನ್ನು ಒಂದು ಕಡೆ ವಾಲಿಸಿ, ಬಲಗೈಯ ತೋರುಬೆರಳನ್ನು ಗಾಳಿಯಲ್ಲಿ ಸಣ್ಣಗೆ ತಿರುಗಿಸುತ್ತಿದ್ದರು. ಮುಂದಕ್ಕೆ ಹೇಳು, ಕೇಳುತ್ತಿದ್ದೇನೆ ಎಂದು ಅರ್ಥ. ಬಸ್ಸಿನ ಕಂಡಕ್ಟರ್ ಕೂಡ ಆ ಬೆರಳಿಗೆ ಸೋತು ತನ್ನ ಮನೆಯ ಪಂಚಾಯಿತಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದ, ಹಿಂದಿನವರು ಟಿಕೆಟ್ಟಿಗಾಗಿ ಒದರುತ್ತಿದ್ದರು.

ಪ್ರಬಂಧ ಬರೆಸುವುದೆಂದರೆ ಅವರಿಗೆ ಹಬ್ಬ. ಬೇರೆ ಶಾಲೆಗಳಲ್ಲಿ ಪ್ರಬಂಧವನ್ನು ಹೇಗೆ ಕಲಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಗೈಡಿನಲ್ಲಿರುವುದನ್ನು ಹಲಗೆಯ ಮೇಲೆ ಬರೆದು ಉರು ಹೊಡೆಸಿದರೆ ಮುಗಿಯಿತು. ಅಕ್ಕೋರ ದಾರಿಯೇ ಬೇರೆ. ವಿಷಯ ಕೊಟ್ಟು, ತೋಚಿದ್ದನ್ನು ಒಂದು ಸಲ ಬರೆಸುತ್ತಿದ್ದರು. ಆಮೇಲೆ ಅಪ್ಪಣೆ: "ಮನ್ಯಾಗ ಓದಾಕ ಬರದವ್ರು ಯಾರರ ಇರ್ತಾರಲ್ಲ, ಅವ್ರ ಮುಂದ ಕುಂತು ಓದಿ ಹೇಳಿ ಬಾ. ಅವ್ರು ಎಲ್ಲಿ ತಡದು ಕೇಳಿದ್ರೋ ಅಲ್ಲೊಂದು ಚುಕ್ಕಿ ಇಡು. ಎಲ್ಲಿ ಆಕಳಿಸಿದ್ರೋ ಅಲ್ಲೊಂದು ಗೀಟು ಹೊಡಿ." ಚುಕ್ಕಿ ಇಟ್ಟಲ್ಲಿ ಇನ್ನಷ್ಟು ಬರೆಯಬೇಕು, ಗೀಟು ಹೊಡೆದದ್ದನ್ನು ತೆಗೆದು ಹಾಕಬೇಕು. ಆಮೇಲೆಯೇ ಅವರು ನೋಡುವುದು.

ನಾನು ಒಮ್ಮೆ ಕೇಳಿದೆ, ಓದು ಬಲ್ಲವರ ಮುಂದೆ ಓದಿದರೆ ತಪ್ಪಾದರೂ ತಿದ್ದುತ್ತಾರಲ್ಲ, ಬರದವರೇ ಯಾಕೆ ಎಂದು.

"ಓದಾಕ ಬರೋರು ನಮ್ಮ ತಪ್ಪು ಹುಡುಕ್ತಾರ್ರಿ. ಬರದವ್ರು ನಾವು ಏನ್ ಹೇಳಾಕ ಹೊಂಟೀವಿ ಅದನ್ನ ಕೇಳ್ತಾರ" ಎಂದರು.

ಇದು ಅವರಿಗೆ ಯಾವ ತರಬೇತಿಯಲ್ಲೂ ಸಿಕ್ಕ ವಿದ್ಯೆಯಲ್ಲ. ಅವರ ತಾಯಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಮಗಳು ಶಾಲೆಯಲ್ಲಿ ಬರೆದದ್ದನ್ನು ಆ ತಾಯಿ ಗುಂಡಿ ಹೊಲಿಯುತ್ತ ಕೂತು ಕೇಳುತ್ತಿದ್ದರಂತೆ. ಮಗಳು ನಿಲ್ಲಿಸಿದಲ್ಲೆಲ್ಲ "ಫಿರ್ ಕ್ಯಾ ಹುವಾ?" ಎನ್ನುತ್ತಿದ್ದರಂತೆ. ಮುಂದೇನಾಯಿತು? "ನನ್ನ ಅಮ್ಮೀನ ನನಗ ಮೊದಲನೇ ಕನ್ನಡ ಮಾಸ್ತರ್ರಿ, ಒಂದಕ್ಷರ ಬರದೇ ಇದ್ರೂ" ಎಂದು ಅಕ್ಕೋರು ಹೇಳಿದ ದಿನ ಗುಡ್ಡ ದಾಟಿ ಎಷ್ಟು ದೂರ ಬಂದೆವೋ ನನಗೆ ತಿಳಿಯಲಿಲ್ಲ.

ನಮ್ಮ ತರಗತಿಗಳ ನಡುವೆ ಒಂದೇ ಗೋಡೆ. ನಾನು ಪ್ರಮೇಯ ಬಿಡಿಸುತ್ತಿದ್ದರೆ ಆಚೆಯಿಂದ ನಗು ತೂರಿ ಬರುತ್ತಿತ್ತು. ಒಂದು ದಿನ ಒಬ್ಬ ಹುಡುಗ 'ನಮ್ಮೂರ ಸಂತೆ' ಎಂಬ ಪ್ರಬಂಧದಲ್ಲಿ "ಸಂತೆಯು ಗ್ರಾಮೀಣ ಬದುಕಿನ ಜೀವನಾಡಿಯಾಗಿದೆ" ಎಂದು ಬರೆದಿದ್ದ. ಎಲ್ಲಿಂದ ಎತ್ತಿದ್ದನೋ ಶಿವನೇ ಬಲ್ಲ.

"ನಾಡಿ ಎಲ್ಲೈತಿ ತೋರ್ಸು" ಎಂದರು ಅಕ್ಕೋರು.

ಹುಡುಗ ಮುಂಗೈ ಹಿಡಿದು ತೋರಿಸಿದ.

"ಶಾಣ್ಯಾ ಅದೀ. ಸಂತಿಗಿ ಎಲ್ಲೈತಿ?"

ಅವನು ಬಹಳ ಹೊತ್ತು ಯೋಚಿಸಿ, "ಮೆಣಸಿನಕಾಯಿ ಸಾಲಿನ್ಯಾಗ್ರಿ. ಅಲ್ಲೇ ಎಲ್ಲಾರೂ ನಿಂತು ಸೀನ್ತಾರ್ರಿ" ಎಂದ.

ಆಚೆ ತರಗತಿ ಬಿದ್ದು ಬಿದ್ದು ನಕ್ಕಿತು. ಈಚೆ ನನ್ನ ಮಕ್ಕಳೂ ನಕ್ಕರು, ತ್ರಿಕೋನ ಹಲಗೆಯ ಮೇಲೆ ಅನಾಥವಾಯಿತು. "ಇದನ್ನ ಬರಿ. ಇದನ್ನ ಬರದ್ರ ನಿನ್ನಷ್ಟು ಛಲೋ ಬರ್ಯಾವ್ರು ಈ ಜಿಲ್ಲಾದಾಗ ಇಲ್ಲ" ಎಂಬ ದನಿ ಕೇಳಿಸಿತು. ನಾನು ಸ್ಟಾಫ್ ರೂಮಿನಲ್ಲಿ ಜಗಳ ತೆಗೆದೆ. "ಐದೇ ಅಂಕದ ಪ್ರಶ್ನಿಗೆ ಇಷ್ಟು ಗುದ್ದಾಟ ಯಾಕ್ರಿ ಅಕ್ಕೋರ? ಗುಡ್ಡ ಅಗದು ಇಲಿ ಹಿಡದಂಗಾತು." ಅವರು ಮಂಡಕ್ಕಿ ಒಗ್ಗರಣಿಯ ಪೊಟ್ಟಣ ಬಿಚ್ಚಿ, ಮಿರ್ಚಿಯನ್ನು ಎರಡು ಮಾಡಿ ದೊಡ್ಡ ತುಂಡನ್ನು ನನ್ನ ಕಡೆ ತಳ್ಳಿದರು. "ಇಲಿ ಯಾರಿಗೆ ಬೇಕಾಗೇತ್ರಿ? ಗುಡ್ಡದಾಗ ಏನೈತಿ ಅಂತ ಹುಡುಗ್ರಿಗೆ ಗೊತ್ತಾಗ್ಲಿ."

ಹೀಗೆ ಊರಿನ ಅಜ್ಜಿಯಂದಿರೆಲ್ಲ ಪರೀಕ್ಷಕರಾದರು. ಶಾಲೆಯ ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಮಗ ಸೊಸೆ ದುಡಿಯಲು ಊರೂರು ತಿರುಗುವವರಾದ್ದರಿಂದ ಮೊಮ್ಮಗಳು ಇವಳ ಹತ್ತಿರವೇ ಬೆಳೆದಳು. ಈ ಅಜ್ಜಿಯಷ್ಟು ಪ್ರಶ್ನೆ ಕೇಳುವವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ. ಹುಡುಗಿ ನೀರಿನ ಬಗ್ಗೆ ಬರೆದರೆ, "ಅಲ್ಲಬೇ, ಕಾಲುವಿ ಬರೂಕಿಂತ ಮೊದಲ ನಾವು ಎಲ್ಲಿಂದ ನೀರು ಹೊತ್ತೀವಿ ಅದನ್ನ ಯಾಕ ಬಿಟ್ಟಿ?" ದೀಪಾವಳಿಯ ಬಗ್ಗೆ ಬರೆದರೆ, "ಎಣ್ಣಿ ಯಾವ ಅಂಗಡಿಯಾಗ ತಂದ್ರು ಅಂತ ಬರಿ, ಆ ಅಂಗಡ್ಯಾಂವ ಕಲಬೆರಕಿ ಮಾಡ್ತಾನ." ಆ ಹುಡುಗಿಯ ಹಾಳೆ ತುಂಬ ಚುಕ್ಕಿ. ಒಂದು ವಾರ ಅಕ್ಕೋರಿಗೆ ಜ್ವರ ಬಂದು ಪ್ರಬಂಧ ಕೊಡಲಾಗಲಿಲ್ಲ. ಅವರು ತಿರುಗಿ ಬಂದ ದಿನ ಅಜ್ಜಿ ಶಾಲೆಯ ಗೇಟಿಗೇ ಬಂದು ನಿಂತಳು. "ಯಾಕ್ರಿ ಅಕ್ಕೋರ, ಈ ವಾರ ಹುಡುಗಿ ನನಗ ಏನೂ ಓದಿ ಹೇಳ್ಲೇ ಇಲ್ಲ?" ಮುಖ್ಯ ಗುರುಗಳು ಗಾಬರಿಯಾಗಿ ಪೋಷಕರ ದೂರು ಬಂತೆಂದು ಹೊರಗೆ ಓಡಿ ಬಂದರು.

ಹುಡುಗಿ ಛಲೋ ಬರೆಯುತ್ತಿದ್ದಳು. ಅಜ್ಜಿಯ ಪ್ರಶ್ನೆಗಳು ಅವಳ ಬರವಣಿಗೆಯೊಳಗೇ ಸೇರಿಹೋಗಿ, ಯಾರೂ ಕೇಳದೆಯೇ ಉತ್ತರ ಬರುತ್ತಿತ್ತು. ಅಕ್ಕೋರು ಅವಳ ಹಾಳೆಗಳನ್ನು ಬಸ್ಸಿನಲ್ಲಿ ನನಗೆ ಓದಿ ಹೇಳುತ್ತಿದ್ದರು. ಲೆಕ್ಕದಲ್ಲಿ ಆ ಹುಡುಗಿ ಸುಮಾರು. ಆದರೆ ಅವಳು ಬರೆದದ್ದನ್ನು ಕೇಳಿದ ಮೇಲೆ ಅವಳ ಲೆಕ್ಕದ ಹಾಳೆ ತಿದ್ದುವಾಗ ನನ್ನ ಕೈ ಸ್ವಲ್ಪ ಮೆತ್ತಗಾಗುತ್ತಿತ್ತು, ಸುಳ್ಳು ಹೇಳಲಾರೆ.

ಆ ವರ್ಷ ಹತ್ತನೆಯ ತರಗತಿಯ ಪರೀಕ್ಷೆ. ಕನ್ನಡ ಪತ್ರಿಕೆ ಮುಗಿಸಿ ಹೊರಬಂದ ಹುಡುಗಿಯ ಮುಖ ಅರಳಿತ್ತು. "ಮೇಡಮ್, ಪ್ರಬಂಧ ನೀರಿಂದನ ಬಂದಿತ್ರಿ! ಹೆಚ್ಚಿಗಿ ಹಾಳಿ ಇಸ್ಕೊಂಡು ಬರದ್ನಿರಿ. ನಮ್ಮಜ್ಜಿ ಏನೇನ್ ಕೇಳಿದ್ಲೋ ಎಲ್ಲಾ ಬರದೀನಿ" ಎಂದಳು. ಅಕ್ಕೋರ ಬೆರಳು ತಾನೇ ತಿರುಗಿತು. "ಮುಂದ? ಉಳಿದದ್ದು?"

"ಅಷ್ಟರಾಗ ಗಂಟಿ ಬಾರಿಸಿಬಿಟ್ರಿ" ಎಂದಳು ಹುಡುಗಿ.

ಪ್ರಶ್ನೆಪತ್ರಿಕೆಯ ಕೊನೆಯಲ್ಲಿದ್ದ ಪ್ರಬಂಧವನ್ನು ಇವಳು ಮೊದಲು ಹಿಡಿದಿದ್ದಳು. ಕಾಲುವೆಗೆ ಮುಂಚಿನ ಬಾವಿ, ಬಾವಿಯ ಹಗ್ಗ, ಹಗ್ಗ ತಿಂದ ಅಂಗೈ, ಆ ಅಂಗೈಯ ಅಜ್ಜಿ. ಅಜ್ಜಿಯ ಪ್ರಶ್ನೆಗಳು ಮುಗಿಯುವುದೆಂದರೇನು? ವ್ಯಾಕರಣ, ಪದ್ಯದ ಸಾರಾಂಶ, ಸಂದರ್ಭ ಎಲ್ಲವೂ ಬಿಳಿ ಹಾಳೆಯಾಗಿ ಉಳಿದವು. ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ಚೆಂದ ಕನ್ನಡ ಬರೆಯುವ ಹುಡುಗಿ ಕನ್ನಡದಲ್ಲಿ ನಪಾಸಾದಳು. ಬೇರೆ ವಿಷಯಗಳೆಲ್ಲ ಪಾಸು, ನನ್ನ ಗಣಿತವೂ.

ಮತ್ತೊಮ್ಮೆ ಬರೆಯಲು ಅವಕಾಶವಿತ್ತು. ಆದರೆ ಫಲಿತಾಂಶ ಬಂದ ಕೂಡಲೇ ಹುಡುಗಿಯ ಅಪ್ಪ ಅವ್ವ ಬಂದು, ಅವಳನ್ನು ಕುಷ್ಟಗಿ ಕಡೆ ಇದ್ದ ಅವಳ ಅಕ್ಕನ ಮನೆಗೆ ದುಡಿಯಲು ಕಳಿಸಿಬಿಟ್ಟಿದ್ದರು. ಅಕ್ಕೋರು ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಅಲ್ಲಿಗೆ ಹೋದರು. ಟೊಮ್ಯಾಟೊ ಬೀಜ ಮಾಡುವ ಪ್ಲಾಟು. ಪರದೆಯ ಕೆಳಗೆ ಸಾಲು ಸಾಲು ಹುಡುಗಿಯರು ಒಂದು ಹೂವಿನ ಪುಡಿಯನ್ನು ಇನ್ನೊಂದು ಹೂವಿಗೆ ಮುಟ್ಟಿಸುತ್ತ ಬಾಗಿ ನಡೆಯುತ್ತಿದ್ದರು. ನಮ್ಮ ಹುಡುಗಿ ಹಳದಿಯಾದ ಬೆರಳುಗಳನ್ನು ಹಿಂದಕ್ಕೆ ಕಟ್ಟಿ ನಿಂತಳು. ಮತ್ತೆ ಪರೀಕ್ಷೆಗೆ ಕೂಡು ಎಂದು ಅಕ್ಕೋರು ಎಷ್ಟು ಹೇಳಿದರೂ ಬರಲೊಲ್ಲಳು.

"ನಾ ಭಾಳ ಛಲೋ ಬರದಿದ್ನಿರಿ ಮೇಡಮ್" ಎಂದಳು ಕೊನೆಗೆ. "ಅದಕ್ಕ ನಪಾಸ್ ಅಂದ್ರು. ಇನ್ನ ಹೆಂಗ ಬರೀಬೇಕು ನನಗ ತಿಳಿವಲ್ದು. ಬಿಡ್ರಿ."

ತಿರುಗಿ ಬರುವ ಬಸ್ಸಿನಲ್ಲಿ ತಾವರಗೇರಾ ದಾಟುವ ತನಕ ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಆಮೇಲೆ ಕನಕಗಿರಿಯ ಹತ್ತಿರ, "ಅಕಿ ಏನ್ ಬರದ್ಲು ಅಂತ ಅಷ್ಟ ನೋಡಿದ್ನಿರಿ ನಾ. ಅಕಿ ಏನ್ ಬಿಟ್ಲು ಅಂತ ನೋಡ್ಲಿಲ್ಲ. ಬಡವರ ಮಕ್ಕಳ ಮ್ಯಾಲ ನನ್ನ ಹುಚ್ಚಾಟ ಆತಿದು. ಸಾಕಿನ್ನ" ಎಂದರು. ಏನೋ ಸಮಾಧಾನ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಳ್ಳುವುದೇ ಕಸುಬಾಗಿದ್ದವರು.

ಮುಖ್ಯ ಗುರುಗಳು ಕೆಟ್ಟವರಲ್ಲ. ಮೀಟಿಂಗಿನಲ್ಲಿ ಮೇಲಿನ ಅಧಿಕಾರಿಗಳು ತಮ್ಮನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದ ಅವಮಾನವನ್ನು ನುಂಗಿಕೊಂಡು ಬಂದು, "ಅಕ್ಕೋರ, ನಿಮ್ಮ ಪದ್ಧತಿ ಛಲೋನ ಐತ್ರಿ. ಆದ್ರ ಕನ್ನಡದಾಗ ನಪಾಸ್ ಹೆಂಗಾತು ಅಂತ ಕೇಳಿದ್ರ ನಾ ಏನ್ ಹೇಳ್ಲಿ?" ಎಂದು ಮೆಲ್ಲಗೆ ಕೇಳಿದರು, ಅಷ್ಟೇ. ಅವರು ಒಂದು ಸುತ್ತಿನ ವಾದಕ್ಕೆ ಸಿದ್ಧರಾಗಿಯೇ ಬಂದಿದ್ದರು. ಅಕ್ಕೋರು ವಾದ ಮಾಡಲಿಲ್ಲ. "ನೀವು ಹೇಳಿದಂಗ ಮಾಡ್ತೀನ್ರಿ ಸರ" ಎಂದರು. ಮುಖ್ಯ ಗುರುಗಳಿಗೆ ಖುಷಿಯಾಗುವ ಬದಲು ಹೆದರಿಕೆಯಾದದ್ದನ್ನು ನಾನು ನೋಡಿದೆ.

ಅದರ ಮುಂದಿನ ಹತ್ತನೆಯ ತರಗತಿಗೆ ಅಕ್ಕೋರು ಒಂದೇ ಪ್ರಬಂಧ ಕಲಿಸಿದರು. ಹೌದು, ಒಂದೇ. ಅದರಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದರು. "ಮಾನವನ ಜೀವನದಲ್ಲಿ ಡ್ಯಾಶ್ ಸ್ಥಾನವು ಅತ್ಯಂತ ಮಹತ್ವದ್ದಾಗಿದೆ. ಪ್ರಾಚೀನ ಕಾಲದಿಂದಲೂ ನಮ್ಮ ಹಿರಿಯರು ಡ್ಯಾಶ್ ಮಹಿಮೆಯನ್ನು ಕೊಂಡಾಡಿದ್ದಾರೆ." ಗ್ರಂಥಾಲಯ ಬಂದರೆ ಗ್ರಂಥಾಲಯದ, ಪತ್ರಿಕೆ ಬಂದರೆ ಪತ್ರಿಕೆಯ, ನೀರು ಬಂದರೆ ನೀರಿನ. ಕೊನೆಗೆ "ಆದ್ದರಿಂದ ನಾವೆಲ್ಲರೂ ಡ್ಯಾಶ್ ಮಹತ್ವವನ್ನು ಅರಿತು ಉತ್ತಮ ನಾಗರಿಕರಾಗಿ ಬಾಳೋಣ." ಅಕ್ಕೋರು ಬುದ್ಧಿವಂತರು, ಹಾಳು ಮಾಡಬೇಕೆಂದರೂ ಚೊಕ್ಕವಾಗಿಯೇ ಮಾಡಬಲ್ಲವರು. ಗೋಡೆಯ ಆಚೆಯಿಂದ ನಗು ನಿಂತು, ಇಡೀ ತರಗತಿ ಒಂದೇ ದನಿಯಲ್ಲಿ ಉರು ಹೊಡೆಯುವುದು ಕೇಳಿಸುತ್ತಿತ್ತು. ನನ್ನ ಪಾಠಕ್ಕೆ ಯಾವ ತೊಂದರೆಯೂ ಇರಲಿಲ್ಲ. ಹಾಗಿದ್ದೂ ಆ ವರ್ಷ ನನಗೆ ಕಂಡವರ ಮೇಲೆಲ್ಲ ಸುಮ್ಮಸುಮ್ಮನೆ ರೇಗುವ ಚಾಳಿ ಹತ್ತಿತ್ತು.

ಅಜ್ಜಿ ಮತ್ತೆ ಗೇಟಿಗೆ ಬಂದಳು. ಮೊಮ್ಮಗಳ ದೂರು ಹೇಳಲು ಬಂದಳೆಂದುಕೊಂಡು ಅಕ್ಕೋರ ಮುಖ ಬಿಳಿಚಿತು. ಅವಳು ಕೇಳಿದ್ದೇ ಬೇರೆ. "ಯಾಕ್ರಿ ಅಕ್ಕೋರ, ಈ ವರ್ಷ ಓಣ್ಯಾಗ ಯಾವ ಹುಡುಗ್ರೂ ಓದಿ ಹೇಳವಲ್ರು? ಸಂಜಿ ಆದ್ರ ಹೊತ್ತ ಹೋಗವಲ್ದು."

"ಈ ವರ್ಷ ಹಂಗ ಇಲ್ಲ ಯಮ್ಮಾ" ಎಂದು ಅಕ್ಕೋರು ಬೇರೆ ಕಡೆ ನೋಡುತ್ತ ಹೇಳಿ ಒಳಗೆ ಬಂದರು.

ಆ ವರ್ಷ ಕನ್ನಡದಲ್ಲಿ ಒಬ್ಬರೂ ನಪಾಸಾಗಲಿಲ್ಲ. ಎಲ್ಲರಿಗೂ ಬಂದ ಅಂಕ ನೋಡಿ ಬೇರೆ ಶಾಲೆಯವರು ಆ ಡ್ಯಾಶ್ ಪ್ರಬಂಧವನ್ನು ಫೋಟೋ ತೆಗೆದುಕೊಂಡು ಹೋದರು. ಗಂಗಾವತಿಯಲ್ಲಿ ಸನ್ಮಾನವೂ ಆಯಿತು. ಶಾಲು, ಹಣ್ಣಿನ ಬುಟ್ಟಿ, ಚಪ್ಪಾಳೆ. ಅಕ್ಕೋರು ಹಣ್ಣನ್ನು ಮಕ್ಕಳಿಗೆ ಹಂಚಿದರು. ಶಾಲನ್ನು ಸ್ಟಾಫ್ ರೂಮಿನ ಕಪಾಟಿನಲ್ಲಿ ತುರುಕಿದರು. ನಿವೃತ್ತಿಯ ದಿನವೂ ಅದು ಅಲ್ಲೇ ಇತ್ತು, ಮನೆಗೆ ಒಯ್ಯಲಿಲ್ಲ.

ಸನ್ಮಾನದ ಮರುದಿನವೇ ಇರಬೇಕು, ಬಸ್ಸಿನಲ್ಲಿ ಹಳೆಯ ಮಾತು ಬಂತು. ನಾನು ಗಣಿತದವಳು, ನನಗೆ ಎಲ್ಲವೂ ಹೊತ್ತಿನ ಲೆಕ್ಕ. "ಅಲ್ರಿ ಅಕ್ಕೋರ, ಪ್ರಬಂಧಾನ ಕಡೀಕ ಬರೀರಿ, ಗಡಿಯಾರ ನೋಡ್ಕೊಂತ ಬರೀರಿ ಅಂತ ಅಂದಿದ್ರ ಸಾಕಿತ್ತಲ್ರಿ. ನಾವು ಲೆಕ್ಕದಾಗ ದಿನಾ ಅದನ್ನ ಹೇಳೋದು" ಎಂದೆ, ಇದ್ದದ್ದು ಇದ್ದಂತೆ. ಅವರು ತಿರುಗಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ಮರೆಯಲಾರೆ.

"ಅಷ್ಟನ?" ಎಂದರು. "ಅಷ್ಟಕ್ಕ ಒಂದು ತರಗತಿ ಹುಡುಗ್ರ ಬಾಯಿ ಮುಚ್ಚಿಸಿದ್ನಲ್ರಿ ನಾ?"

ಮರುವರ್ಷದಿಂದ ಮತ್ತೆ ಓದಿ ಹೇಳಿ ಬಾ ಶುರುವಾಯಿತು. ಒಂದೇ ಬದಲಾವಣೆ, ಪ್ರಬಂಧ ಬರೆಯುವ ದಿನ ಮೇಜಿನ ಮೇಲೆ ಟಿಕ್ ಟಿಕ್ ಎನ್ನುವ ಗಡಿಯಾರ. ನಿವೃತ್ತರಾಗುವ ತನಕ ಯಾರೂ ನಪಾಸಾಗಲಿಲ್ಲ, ಗೋಡೆಯಾಚೆಯ ನಗುವೂ ನಿಲ್ಲಲಿಲ್ಲ. ಅಜ್ಜಿಗೆ ಓಣಿಯ ಬೇರೆ ಮಕ್ಕಳು ಓದಿ ಹೇಳತೊಡಗಿದರು. ಎಲ್ಲ ಸರಿಹೋಯಿತಲ್ಲ ಎಂದು ನಾನು ಹೇಳಿದಾಗಲೆಲ್ಲ ಅಕ್ಕೋರು ಇಲ್ಲವೆಂದು ತಲೆಯಾಡಿಸುತ್ತಿದ್ದರು. "ನಡುವಿನ ಆ ಒಂದು ಬ್ಯಾಚ್ ಐತಲ್ರಿ. ಅವ್ರಿಗೆ ನಾ ಕನ್ನಡ ಕಲಸ್ಲಿಲ್ಲ. ಖಾಲಿ ಜಾಗ ತುಂಬೋದು ಕಲಸಿದ್ನಿ. ಅವ್ರೇನು ಹತ್ತನೇತ್ತಾ ಮತ್ತೊಂದ್ಸಲ ಓದ್ತಾರೇನು?" ಕುಷ್ಟಗಿಗೆ ಹೋದ ಹುಡುಗಿಗೆ ಆದದ್ದು ಒಬ್ಬಳಿಗೆ, ಇದು ಇಡೀ ತರಗತಿಗೆ ಎಂದು ಅವರ ಲೆಕ್ಕ. ಆ ಲೆಕ್ಕ ತಪ್ಪೆಂದು ತೋರಿಸಲು ನನ್ನ ಗಣಿತಕ್ಕೂ ಆಗಲಿಲ್ಲ.

ನಿವೃತ್ತರಾಗಿ ಕೊಪ್ಪಳಕ್ಕೆ ಹೋದ ಮೇಲೆ ಅವರು ಆ ಬ್ಯಾಚಿನ ಹುಡುಗರನ್ನು ಹುಡುಕಿ ಹುಡುಕಿ ಫೋನು ಮಾಡಿ ಮನೆಗೆ ಕರೆದರು. ಒಬ್ಬ ಭತ್ತ ಕೊಯ್ಯುವ ಮಷೀನು ಓಡಿಸುತ್ತಿದ್ದ, ಒಬ್ಬ ಅಕ್ಕಿ ಗಿರಣಿಯಲ್ಲಿದ್ದ, ಒಬ್ಬ ಹಿಟ್ನಾಳದ ಹತ್ತಿರ ಹೆದ್ದಾರಿಯ ಡಾಬಾದಲ್ಲಿ. ಬಂದರು, ಪಾಪ. ಕಾಲಿಗೆ ಬಿದ್ದರು, ಪೇಢೆ ಕೊಟ್ಟರು, ಅಕ್ಕೋರನ್ನು ನಡುವೆ ನಿಲ್ಲಿಸಿ ಸೆಲ್ಫಿ ತೆಗೆದರು. ಅಕ್ಕೋರು ಬಿರಿಯಾನಿ ಮಾಡಿ ಬಡಿಸಿ, ಎದುರಿಗೆ ಕೂತು ಕೇಳಿದರಂತೆ.

ಆಮೇಲೆ ನನಗೆ ಫೋನಿನಲ್ಲಿ ಹೇಳಿದರು: "ಮಷೀನ್ ಹೊಡ್ಯಾಂವಂಗ ಕೇಳಿದ್ನಿರಿ, ನಿನ್ನ ಕೆಲಸ ಹೆಂಗೈತಪ್ಪಾ ಅಂತ. ಛಲೋ ಐತ್ರಿ ಮೇಡಮ್ ಅಂದ. ಮುಂದ? ಅಂದೆ. ಅಷ್ಟರಿ ಅಂದ. ಅವ ಊರೂರು ತಿರುಗಿ ಎಷ್ಟು ಮಂದಿ ಹೊಲ ನೋಡಿರ್ತಾನ, ಎಷ್ಟು ಕಥಿ ಇರ್ತಾವ ಅವನ ಹೊಟ್ಟಿಯಾಗ. ಒಂದೂ ಹೊರಗ ಬರವಲ್ದು. ನಾನ ಬೀಗ ಹಾಕಿದ್ನೇನ್ರಿ?" ಮುಂದಿನ ಸಲ ಬಂದಾಗ ಬಿಡುವುದಿಲ್ಲ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳಿಸುತ್ತೇನೆ ಎಂದೂ ಹೇಳಿದರು. ಅವರು ಮುಂದಿನ ಸಲ ಬರುವಷ್ಟರಲ್ಲಿ ಅಕ್ಕೋರಿಗೆ ಎದೆನೋವು ಬಂತು. ಜೀವ ಇದ್ದಿದ್ದರೆ ಹೇಳಿಸದೆ ಬಿಡುತ್ತಿರಲಿಲ್ಲ, ನನಗೆ ಗೊತ್ತು.

ಹಳೆಯ ವಿದ್ಯಾರ್ಥಿಗಳೇ ಸೇರಿ ಶಾಲೆಯಲ್ಲಿ ಸಂತಾಪ ಸಭೆ ಮಾಡಿದರು. ಫೋಟೋಕ್ಕೆ ಹಾರ ಹಾಕುವುದು ಬೇಡವೆಂದು ಅವರ ಮನೆಯವರು ಹೇಳಿದ್ದರಿಂದ ಹುಡುಗರು ಹೂವನ್ನು ತಟ್ಟೆಯಲ್ಲಿ ಮೇಜಿನ ಮೇಲೆ ಇಟ್ಟಿದ್ದರು. ಮುಂದಿನ ಸಾಲಿನಲ್ಲಿ, ಕುರ್ಚಿ ಕೊಟ್ಟರೂ ಒಲ್ಲೆನೆಂದು ನೆಲದ ಮೇಲೆ ಕೂತಿದ್ದಳು ಅಜ್ಜಿ. ತೀರ ಮುದುಕಿಯಾಗಿದ್ದಳು. ಮೊಮ್ಮಗಳಿಗೆ ಫೋನು ಹಚ್ಚಿಸಿ ಸುದ್ದಿ ತಿಳಿಸಿದಳಂತೆ. "ಭಾಳ ಅತ್ಲು ಕೂಸು" ಎಂದು ನನಗೆ ಹೇಳಿದಳು.

ಮಾತಾಡಲು ಎದ್ದವನು ಆ ಮಷೀನಿನ ಹುಡುಗ. ಈಗ ಮೀಸೆ ಬಂದ ಗಂಡಸು. ದುಡಿಮೆ ಬಿಟ್ಟು ಸಿಂಧನೂರಿನಿಂದ ಬಂದಿದ್ದ, ಸಭೆಯ ಖರ್ಚಿಗೆ ಮೊದಲು ಕೈ ನೀಡಿದವನೂ ಅವನೇ ಎಂದು ಆಮೇಲೆ ತಿಳಿಯಿತು. ಕಣ್ಣು ಕೆಂಪಾಗಿದ್ದವು. ಮೈಕು ಹಿಡಿದು, ಗಂಟಲು ಸರಿಮಾಡಿಕೊಂಡು, ಸೆಟೆದು ನಿಂತು ಶುರು ಮಾಡಿದ.

"ಮಾನವನ ಜೀವನದಲ್ಲಿ ಗುರುವಿನ ಸ್ಥಾನವು ಅತ್ಯಂತ ಮಹತ್ವದ್ದಾಗಿದೆ. ಪ್ರಾಚೀನ ಕಾಲದಿಂದಲೂ ನಮ್ಮ ಹಿರಿಯರು ಗುರುವಿನ ಮಹಿಮೆಯನ್ನು ಕೊಂಡಾಡಿದ್ದಾರೆ."

ಗೋಡೆಯ ಈಚೆ ಕೂತು ಒಂದು ವರ್ಷ ಕೇಳಿದ ಸಾಲುಗಳು. ಒಂದಕ್ಷರವೂ ತಪ್ಪಿರಲಿಲ್ಲ. ಅಕ್ಕೋರು ಬಿಟ್ಟಿದ್ದ ಖಾಲಿ ಜಾಗದಲ್ಲಿ ಅಕ್ಕೋರನ್ನೇ ತುಂಬಿ, ಅವನು ಅಳುತ್ತ ಅಳುತ್ತ ಒಪ್ಪಿಸುತ್ತಿದ್ದ. "ಆದ್ದರಿಂದ ನಾವೆಲ್ಲರೂ ಗುರುವಿನ ಮಹತ್ವವನ್ನು ಅರಿತು ಉತ್ತಮ ನಾಗರಿಕರಾಗಿ ಬಾಳೋಣ" ಎಂದು ಮುಗಿಸಿ, ಕಣ್ಣೊರೆಸಿಕೊಂಡ. ಜನ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

ಅಷ್ಟರಲ್ಲಿ ಅಜ್ಜಿ ತಲೆ ಎತ್ತಿದಳು.

"ಮುಂದ?"

"ಮುಗೀತು ಯಮ್ಮಾ" ಎಂದ ಅವನು.

"ಅದ್ಹೆಂಗ ಮುಗೀತೋ? ಅದರಾಗ ನಮ್ಮ ಅಕ್ಕೋರು ಎಲ್ಲಿ ಬಂದ್ರು?"

ಅವನು ಫೋಟೋ ಕಡೆ ನೋಡಿದ, ನನ್ನ ಕಡೆ ನೋಡಿದ. ಬಾಯಿ ತೆರೆದ. ಏನೋ ಬಂತು ಎಂದುಕೊಂಡೆ. ಮೈಕನ್ನು ಕೈಯಿಂದ ಕೈಗೆ ಬದಲಿಸಿಕೊಂಡು, ಮತ್ತೆ ತಲೆ ತಗ್ಗಿಸಿದ.

"ನಮ್ಮ ಬ್ಯಾಚಿಗೆ ಮೇಡಮ್ ಇಷ್ಟ ಕಲಿಸಿದ್ರು ಯಮ್ಮಾ. ಇವತ್ತಿಗೂ ಮರ್ತಿಲ್ಲ."

ಅವನ ಮಾತಿನಲ್ಲಿ ದೂರಿರಲಿಲ್ಲ. ಪ್ರೀತಿಯಿಂದಲೇ ಹೇಳಿದ, ಹೆಮ್ಮೆಯಿಂದಲೂ ಹೇಳಿದ. ಅದನ್ನು ಕೇಳಲು ಅಕ್ಕೋರು ಇರಲಿಲ್ಲ ಎಂಬುದೊಂದೇ ಅವತ್ತು ನನಗಿದ್ದ ಸಮಾಧಾನ.